ಅಂಗಳದ ಮೂರು ಮೊಳ ನೆಲ

ಮನೆಯ ಒಳಗನ್ನು ನೋಡುವವರು ನೆಂಟರಿಷ್ಟರು ಮಾತ್ರ. ಮುಂದಣ ಅಂಗಳವನ್ನಾದರೋ ಬೀದಿಯಲ್ಲಿ ಹೋಗುವವರೆಲ್ಲರೂ ನೋಡುವರು. ಆದಕಾರಣ ಅದನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಬೇಕೆಂಬ ಆಸೆ ಯಾವ ಗೃಹಿಣಿಗೆ ತಾನೆ ಇರುವುದಿಲ್ಲ? ಆದರೆ ಆಸೆಯಿರುವಷ್ಟು ಬಿಡುವು ಎಲ್ಲರಿಗೂ ಇಲ್ಲ. ಬಿಡುವಿರುವವರಿಗೆ ಮೈಯಲ್ಲಿ ಶಕ್ತಿಯಿಲ್ಲ. ಎರಡೂ ಇರುವವರಿಗೆ ಈಚಿನ ಬೇಸಗೆಗಳಲ್ಲಿ ನೀರಿಲ್ಲ. ಇಂಥ ಮನೆಗಳಲ್ಲಿ ಒಂದಾದ ನಮ್ಮ ಮನೆಯಲ್ಲಿ 2024ನೆಯ ಇಸವಿಯಿಂದೀಚೆಗೆ ನಡೆದುದನ್ನು ಸೋದರಿಯರ ಮುಂದೆ ಅರಿಕೆ ಮಾಡಿಕೊಂಡರೆ ಒಬ್ಬಿಬ್ಬರಿಗಾದರೂ ಪ್ರಯೋಜನವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ನಮ್ಮ ಮನೆಯಿರುವುದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯಲ್ಲಿ. ನಮ್ಮ ಮಾವನವರು 1974ರಲ್ಲಿ ಕಟ್ಟಿಸಿದುದು. ಗೇಟಿನಿಂದ ಹಿಂದಣ ಷೆಡ್ಡಿನವರೆಗೆ ಮೋಟಾರು ಹೋಗುವ ದಾರಿ. ಆ ದಾರಿಗೂ ಕಾಂಪೌಂಡು ಗೋಡೆಗೂ ನಡುವೆ ಮೂರು ಮೊಳ ಅಗಲದ ನೆಲ. ಬೀದಿಯ ಕಡೆಗೆ ಹತ್ತಡಿ ಅಗಲದ ಅಂಗಳ. ಇದೆಲ್ಲವೂ ನಮ್ಮ ಅತ್ತೆಯವರ ರಾಜ್ಯವಾಗಿತ್ತು. ನಲವತ್ತು ಕುಂಡ ಗುಲಾಬಿ, ಸೇವಂತಿಗೆಗಳು. ಮೆಟ್ಟಿಲ ಪಕ್ಕದಲ್ಲಿ ದುಂಡುಮಲ್ಲಿಗೆ. ನಡುವೆ ತುಳಸಿಯ ಕಟ್ಟೆ. ದಿನವೂ ಸಂಜೆ ಕುಂಡಕ್ಕೆ ಎರಡು ಚೆಂಬಿನಂತೆ ಎಂಬತ್ತು ಚೆಂಬು ನೀರನ್ನು ಅವರೇ ಹೊತ್ತು ಹಾಕುತ್ತಿದ್ದರು. ಯಾರಾದರೂ ಕೈ ನೀಡಲು ಹೋದರೆ, “ನೀನು ಹಾಕುವುದು ನೀರಲ್ಲಮ್ಮ, ಪ್ರವಾಹ” ಎಂದು ಬಕೆಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳುವರು. ದೇವರಿಗೆ ಹೂವನ್ನು ಕೊಂಡು ತರುವ ಮನೆಯೂ ಒಂದು ಮನೆಯೇ ಎಂಬುದು ಅವರ ಮತ.

2024ರ ಫೆಬ್ರವರಿಯ ಒಂದು ಸಂಜೆ, ಎಂಬತ್ತೊಂದು ವರ್ಷದ ಆ ಹಿರಿಯರು ತುಂಬಿದ ಬಕೆಟ್ಟನ್ನು ಹಿಡಿದು ಬರುವಾಗ ಮೋಟಾರಿನ ದಾರಿಯ ಒದ್ದೆ ಸಿಮೆಂಟಿನ ಮೇಲೆ ಕಾಲು ಜಾರಿ ಬಿದ್ದರು. ಆ ಸಿಮೆಂಟನ್ನು ಒದ್ದೆ ಮಾಡಿದ್ದವರು ನಾವೇ. ಮಧ್ಯಾಹ್ನ ಮೋಟಾರನ್ನು ತೊಳೆದು ನೀರನ್ನು ಹಾಗೆಯೇ ಬಿಟ್ಟಿದ್ದೆವು. ಸೊಂಟದ ಕೀಲಿನ ಬಳಿ ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಅವರು ಮನೆಗೆ ಬಂದಾಗ ಕೈಯಲ್ಲಿ ನಾಲ್ಕು ಕಾಲಿನ ಊರುಗೋಲಿತ್ತು. ಇನ್ನು ಮೇಲೆ ಭಾರ ಎತ್ತಕೂಡದು, ಬಗ್ಗಕೂಡದು, ನೆಲದ ಮೇಲೆ ಕೂರಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. “ಗಿಡಗಳನ್ನು ನಾವು ನೋಡಿಕೊಳ್ಳುತ್ತೇವೆ, ಅತ್ತೆ” ಎಂದು ನಾವು ಮಾತು ಕೊಟ್ಟೆವು.

ಆ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ. ಹಿಂದಿನ ವರ್ಷದ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವು ಸಾರಿತ್ತು. ನಮ್ಮ ಕೊಳವೆಬಾವಿ ಮಾರ್ಚಿಯಲ್ಲಿ ಬರಿಯ ಗಾಳಿಯನ್ನು ಉಗುಳತೊಡಗಿತು. ಕಾವೇರಿಯ ನೀರು ಈ ಊರಿಗೆ ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆ ಯಂತ್ರಗಳು ಎತ್ತಿದಮೇಲೆ. ಕುಡಿಯುವ ನೀರನ್ನು ತೋಟಕ್ಕಾಗಲಿ ಮೋಟಾರು ತೊಳೆಯಲಿಕ್ಕಾಗಲಿ ಬಳಸಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿಯು ಆ ತಿಂಗಳಲ್ಲಿಯೇ ಆಜ್ಞೆ ಹೊರಡಿಸಿತು. ಆಜ್ಞೆಯು ನ್ಯಾಯವಾದುದೇ. ಪಕ್ಕದ ಬೀದಿಯಲ್ಲಿ ಜನರು ಕೊಡ ಹಿಡಿದು ನಿಂತಿರುವಾಗ ಗುಲಾಬಿಗೆ ನೀರೆರೆಯಲು ಯಾರಿಗೆ ಮನಸ್ಸು ಬಂದೀತು? ಏಪ್ರಿಲಿನ ಹೊತ್ತಿಗೆ ನಲವತ್ತು ಕುಂಡಗಳಲ್ಲಿ ಮೂವತ್ತೊಂದು ಒಣಗಿ ಕಡ್ಡಿಯಾದುವು. ಅತ್ತೆಯವರು ಜಗಲಿಯ ಕುರ್ಚಿಯಲ್ಲಿ ಕುಳಿತು ಅವುಗಳನ್ನು ದಿನವೂ ನೋಡುತ್ತಿದ್ದರು. ಒಂದು ಮಾತನ್ನೂ ಆಡಲಿಲ್ಲ.

ಆಗ ಮನೆಯಲ್ಲಿ ಆಲೋಚನೆ ನಡೆಯಿತು. ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚಿಬಿಟ್ಟರೆ ಕಸವಿಲ್ಲ, ಕಳೆಯಿಲ್ಲ ಎಂದು ನಮ್ಮ ಯಜಮಾನರು ಹೇಳಿದರು. ಪ್ಲಾಸ್ಟಿಕ್ಕಿನ ಹುಲ್ಲಿನ ಚಾಪೆ ಸಿಕ್ಕುವುದೆಂದೂ ಅದು ವರ್ಷವೆಲ್ಲ ಹಸುರಾಗಿಯೇ ಇರುವುದೆಂದೂ ನಮ್ಮ ಅಳಿಯಂದಿರು ಸೂಚಿಸಿದರು. ಆರೈಕೆಯೇ ಬೇಡದ ಗಿಡಗಳನ್ನು ತಂದು ನೆಡೋಣವೆಂದು ನಾವು ಹೇಳಿದೆವು. ಕೊನೆಗೆ ಎಲ್ಲರೂ ಅತ್ತೆಯವರ ಕಡೆ ತಿರುಗಿದಾಗ ಅವರು, “ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿಕೊಳ್ಳಿ” ಎಂದು ಒಳಕ್ಕೆ ಎದ್ದು ಹೋದರು. ಮೂವತ್ತು ವರ್ಷಗಳಲ್ಲಿ ಅಂಗಳದ ವಿಷಯವಾಗಿ ಅವರು ‘ನಿಮಗೆ’ ಎಂಬ ಮಾತನ್ನು ಆಡಿದುದನ್ನು ನಾವು ಕೇಳಿರಲಿಲ್ಲ. ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಮರುವಾರ ಲಾಲ್‌ಬಾಗಿನ ನರ್ಸರಿಗೆ ಹೋಗಿ, ನೋಡಿ, ವಿಚಾರಿಸಿ, ಒಂದು ಪಟ್ಟಿ ಬರೆದುಕೊಂಡು ಬಂದೆವು. ಮೋಟಾರಿನ ದಾರಿಯುದ್ದಕ್ಕೂ ಕಣಗಿಲೆ; ಅದರ ಮುಂದೆ ಬಂಗಾರದ ಬಣ್ಣದ ಎಲೆಯ ದುರಾಂತ; ಅಂಗಳದಲ್ಲಿ ಲಾನ್ ಹುಲ್ಲು. ಕಣಗಿಲೆಯನ್ನು ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುವುದನ್ನು ಎಲ್ಲರೂ ಕಂಡಿರುವರು. ಬಿಸಿಲಿಗೆ ಬಾಡದು, ಹೊಗೆಗೆ ಹೆದರದು. ಇದಕ್ಕಿಂತ ಇನ್ನೇನು ಬೇಕು ಎಂದು ನಮ್ಮ ಎಣಿಕೆ. ಪಟ್ಟಿಯನ್ನು ಅತ್ತೆಯವರ ಮುಂದೆ ಓದಿದೆವು. ಸುಮ್ಮನೆ ಕೇಳುತ್ತಿದ್ದವರು ತಟ್ಟನೆ ತಲೆಯೆತ್ತಿದರು.

“ಕಣಗಿಲೆಯೇ? ದನ ಬಾಯಿಡದ ಗಿಡವದು. ಮರಿಮಗಳು ಅಂಬೆಗಾಲಿಟ್ಟು ಓಡಾಡುವ ಕಡೆ ಅದನ್ನು ನೆಡುತ್ತೀರಾ? ಅದು ಬೇಲಿಯ ಆಚೆಗೆ ಸರಿ. ಇನ್ನು ಆ ಹಳದಿ ಗಿಡ. ಎದುರು ಮನೆಯವರ ಆಳು ತಿಂಗಳಿಗೆ ಎರಡು ಸಲ ಕತ್ತರಿ ಹಿಡಿದು ನಿಲ್ಲುವುದು ಅದಕ್ಕೇ ಅಲ್ಲವೇನಮ್ಮ? ಹುಲ್ಲಿಗಂತೂ ನನ್ನ ಗುಲಾಬಿಗಿಂತ ಹೆಚ್ಚು ನೀರು ಬೇಕು.”

ಮೂರು ಮಾತಿನಲ್ಲಿ ನಮ್ಮ ಪಟ್ಟಿ ಮುಗಿದುಹೋಯಿತು. ಅವರ ಮಾತು ಮೂರಕ್ಕೆ ಮೂರೂ ದಿಟವೇ. ಕಣಗಿಲೆಯ ಬೇರು, ಎಲೆ, ಹೂವು ಎಲ್ಲವೂ ವಿಷ; ಆ ವಿಷವು ಹೃದಯವನ್ನೇ ಹಿಡಿಯುವುದು. ದುರಾಂತವು ನೀರನ್ನು ಹೆಚ್ಚಾಗಿ ಕೇಳದಿದ್ದರೂ ಬೇಲಿಯ ಅಂದವನ್ನು ಉಳಿಸಿಕೊಳ್ಳಲು ಸದಾ ಕತ್ತರಿಯನ್ನು ಬಯಸುವುದು. ಅದರ ಕಾಯಿಯೂ ಮಕ್ಕಳಿಗೆ ಕೇಡು.

“ಹಾಗಾದರೆ ಏನು ನೆಡೋಣ, ಅತ್ತೆ?” ಎಂದು ಕೇಳಿದೆವು.

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದುದನ್ನು ಇಲ್ಲಿ ಬರೆಯುವುದಕ್ಕಾಗಿಯೇ ಈ ಲೇಖನ. “ಏನೂ ಕೇಳದ ಗಿಡ ಎಲ್ಲಿಯೂ ಇಲ್ಲ. ಕಡಮೆ ಕೇಳುವುದು ಯಾವುದೆಂದು ತಿಳಿಯಬೇಕಾದರೆ, ನೀರನ್ನು ಹೊತ್ತು ತರುವ ಮನೆಯ ಅಂಗಳವನ್ನು ನೆನೆಸಿಕೊ. ನಮ್ಮ ತೌರಿನಲ್ಲಿ ಬಾವಿ ಎರಡು ಹೊಲದ ಆಚೆಗೆ ಇತ್ತು. ತಂದ ಕೊಡದಲ್ಲಿ ಗಿಡಕ್ಕೆ ಉಳಿಯುತ್ತಿದ್ದುದು ಮುಸುರೆ ತೊಳೆದ ನೀರು ಮಾತ್ರ. ಆದರೂ ಹೂವಿಗೆ ಒಂದು ದಿನವೂ ತಪ್ಪಿರಲಿಲ್ಲ.”

ಅವರ ತೌರು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ. ಕೆಂಪು ನೆಲದ ಬಯಲುಸೀಮೆ. ಆ ಅಂಗಳದಲ್ಲಿ ಏನೇನಿತ್ತೆಂದು ಅವರು ಬೆರಳು ಮಡಿಸಿ ಹೇಳುತ್ತ ಹೋದರು. ನಾವು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದೆವು. ಆ ಹಿಂಬದಿಯ ಪಟ್ಟಿಗೆ ಒಂದೆರಡನ್ನು ಸೇರಿಸಿ ಮಾಡಿದುದೇ ಈಗ ನಮ್ಮ ಅಂಗಳ.

ಮೊದಲನೆಯದು ನಂದಿಬಟ್ಟಲು. ವರ್ಷವೆಲ್ಲ ಹಸುರು, ಬಹುಮಟ್ಟಿಗೆ ವರ್ಷವೆಲ್ಲ ಬಿಳಿಯ ಹೂವು. ಬಿಸಿಲಿನಲ್ಲಿಯೂ ಅರೆನೆರಳಿನಲ್ಲಿಯೂ ಬದುಕುವುದು. ಮುರಿದರೆ ಹಾಲು ಸುರಿಯುವುದರಿಂದ ಕೈ ತೊಳೆದುಕೊಳ್ಳಬೇಕು. ಬಾಯಿಗೆ ಹಾಕತಕ್ಕ ವಸ್ತುವಲ್ಲ. ಆಳೆತ್ತರಕ್ಕೆ ಬೆಳೆಯುವುದಾದ್ದರಿಂದ ಇದನ್ನು ಗೋಡೆಯ ಪಕ್ಕಕ್ಕೆ, ನಾಲ್ಕು ನಾಲ್ಕು ಅಡಿಗೆ ಒಂದರಂತೆ, ದಾರಿಯಿಂದ ದೂರವಾಗಿ ನೆಟ್ಟೆವು.

ಎರಡನೆಯದು ಗೋರಂಟೆ. ಕೈಗೆ ಹಚ್ಚುವ ಗೋರಂಟಿಯಲ್ಲ, ಮುಡಿಯುವ ಗೋರಂಟೆ. ಮಳೆ ನಿಂತು ಚಳಿ ಕಾಲಿಡುವಾಗ, ಇತರ ಹೂಗಳು ಕಡಮೆಯಾದ ಹೊತ್ತಿನಲ್ಲಿ, ಇದು ಮೈತುಂಬ ಹೂಬಿಡುವುದು. ಹೂ ಮುಗಿದಮೇಲೆ ಒಂದು ಸಲ ಮೊಳದೆತ್ತರಕ್ಕೆ ಕತ್ತರಿಸಿದರೆ ಆ ವರ್ಷದ ಕೆಲಸ ತೀರಿತು.

ಮೂರನೆಯದು ನರ್ಸರಿಯವರು ಇಕ್ಸೋರಾ ಎನ್ನುವ ಕೆಂಪು ಕೇಪಳ. ನಮ್ಮ ದಕ್ಷಿಣದೇಶದ ಗಿಡವೇ ಇದು. ಇದರ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದೆವು. ಗೋಡೆಯ ಬುಡದಲ್ಲಿ ನೆಟ್ಟ ನಾಲ್ಕು ಗಿಡಗಳ ಎಲೆ ಹಳದಿಗೆ ತಿರುಗಿ, ನರಗಳು ಮಾತ್ರ ಹಸುರಾಗಿ ಉಳಿದುವು. ನೀರು ಸಾಲದೆಂದು ನೀರು ಹಾಕಿದೆವು; ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆವು. ಕೊನೆಗೆ ಅಗೆದು ನೋಡಿದರೆ ಐವತ್ತು ವರ್ಷದ ಹಿಂದೆ ಮನೆ ಕಟ್ಟಿದವರು ಹೂತುಹೋಗಿದ್ದ ಸುಣ್ಣ, ಗಾರೆಗಳ ಚೂರು! ಕೇಪಳವು ಹುಳಿ ಮಣ್ಣನ್ನು ಬಯಸುವ ಗಿಡ. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಎಲೆ ಹಳದಿಯಾಗುವುದು ಅದರಿಂದಲೇ. ಕೊಳವೆಬಾವಿಯ ಗಡಸು ನೀರಿನಿಂದಲೂ ಹೀಗಾಗುವುದುಂಟು. ಗುಂಡಿಯ ಮಣ್ಣನ್ನು ತೆಗೆಸಿ, ಕೆಂಪು ಮಣ್ಣನ್ನೂ ಎಲೆಗೊಬ್ಬರವನ್ನೂ ತುಂಬಿಸಿದ ಮೇಲೆ ಚಿಗುರು ಹಸುರಾಗಿ ಬಂದಿತು. ಗೋಡೆಯ ಪಕ್ಕದಲ್ಲಿ ನೆಡುವವರು ಮೊದಲೇ ಒಂದೂವರೆ ಅಡಿ ಅಗೆದು ನೋಡುವುದು ಒಳ್ಳೆಯದು.

ಇವುಗಳ ಮುಂದೆ, ದಾರಿಯ ಅಂಚಿಗೆ, ಮೊಣಕಾಲಿಗಿಂತ ಎತ್ತರವಾಗದ ಗಿಡಗಳು: ಲೋಳೆಸರ, ದೊಡ್ಡಪತ್ರೆ, ನಡುನಡುವೆ ಮಜ್ಜಿಗೆಹುಲ್ಲು. ಮೂರೂ ಅಡಿಗೆಗೆ, ಮದ್ದಿಗೆ, ಕಷಾಯಕ್ಕೆ ಒದಗುವುವು. ಮೂರಕ್ಕೂ ಹೆಚ್ಚು ನೀರೇ ಶತ್ರು; ಬುಡದಲ್ಲಿ ನೀರು ನಿಂತರೆ ಕೊಳೆಯುವುವು. ದೊಡ್ಡಪತ್ರೆಯ ಒಂದು ತುಂಡನ್ನು ಮುರಿದು ಮಣ್ಣಿಗೆ ಸಿಕ್ಕಿಸಿದರೆ ಅದೇ ಗಿಡ. ಮಜ್ಜಿಗೆಹುಲ್ಲು ತನ್ನ ಬುಡವನ್ನು ಹರಡಿಕೊಳ್ಳುವುದಾದ್ದರಿಂದ ಅದಕ್ಕೆ ಎರಡಡಿ ಜಾಗ ಬಿಡಬೇಕು. ಎಲೆಯ ಅಂಚು ಕೈ ಕೊಯ್ಯುವುದರಿಂದ ಮಕ್ಕಳು ಓಡಾಡುವ ತಿರುವಿನಲ್ಲಿ ಇಡಬಾರದು. ಗೇಟಿನ ಆರಡಿ ಆಚೀಚೆ ಎತ್ತರದ ಗಿಡವನ್ನೇ ನೆಡಲಿಲ್ಲ. ಮೋಟಾರನ್ನು ಹಿಂದಕ್ಕೆ ತೆಗೆಯುವಾಗ ಗಿಡದ ಮರೆಯಲ್ಲಿ ಮಗುವಿದ್ದರೆ ಕಾಣುವುದಿಲ್ಲವಷ್ಟೆ!

ನಿತ್ಯಪುಷ್ಪವು ನಾವು ನೆಡದೆಯೇ ಬಂದಿತು. ಬೀಜ ತಾನಾಗಿ ಉದುರಿ, ಕಲ್ಲಿನ ಸಂದಿಯಲ್ಲಿಯೂ ಮೊಳೆಯುವ ಗಿಡವದು. ಅದರ ಎಲೆಯಿಂದ ರಕ್ತದ ಅರ್ಬುದರೋಗಕ್ಕೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ತೆಗೆಯುವರು. ಔಷಧವಾಗುವ ಗಿಡ ಬಾಯಾಡಿಸುವ ಗಿಡವಲ್ಲವಾದ್ದರಿಂದ ಮಗುವಿನ ಕೈಗೆ ಸಿಗುವಂಥವನ್ನು ಕಿತ್ತು, ಗೋಡೆಯ ಕಡೆಯವನ್ನು ಮಾತ್ರ ಉಳಿಸಿಕೊಂಡೆವು. ಇದರ ಮೂಲ ಮಡಗಾಸ್ಕರ್ ದ್ವೀಪ. ಗೇಟಿನ ಕಮಾನಿನ ಕಾಗದದ ಹೂವಿನ ಮೂಲ ದಕ್ಷಿಣ ಅಮೆರಿಕ. ಪರದೇಶದಿಂದ ಬಂದುದೆಲ್ಲ ಕೆಟ್ಟದ್ದೆಂದು ಹೇಳುವಂತಿಲ್ಲ. 1760ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗಿಗೆ ಹೊರನಾಡುಗಳಿಂದ ಬಂದ ಗಿಡಗಳೆಷ್ಟೋ ಇಂದು ನಮ್ಮವೇ ಆಗಿಹೋಗಿವೆ. ಆದರೆ ಹೂವಿನ ಚಂದಕ್ಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ತಂದ ಲಂಟಾನವು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನೇ ಮುತ್ತಿಕೊಂಡಿದೆ. ಯಾರ ಆರೈಕೆಯೂ ಇಲ್ಲದೆ ಹಬ್ಬುವುದೆಂಬ ಒಂದೇ ಗುಣಕ್ಕಾಗಿ ಅದನ್ನು ಅಂಗಳಕ್ಕೆ ತರಬಾರದು.

ಅಂಗಳದ ಮೂಲೆಗೆ ಪಾರಿಜಾತ. ಇದನ್ನು ಮೋಟಾರು ನಿಲ್ಲುವ ಕಡೆಗೆ ನೆಡಬಾರದು. ಇರುಳು ಅರಳಿ ಬೆಳಗಾಗುವುದರೊಳಗೆ ಉದುರುವ ಹೂವು ಗಾಲಿಯಡಿಯಲ್ಲಿ ನಲುಗಿಹೋಗುವುದು.

ಇನ್ನು ದಾರಿಯ ಮಾತು. ಉದ್ದಕ್ಕೂ ಹಾಸಿದ್ದ ಸಿಮೆಂಟನ್ನು ಒಡೆಸಿದೆವು. ಗಾಲಿ ಓಡುವ ಎರಡು ಪಟ್ಟಿಗಳಿಗೆ ಮಾತ್ರ, ಎರಡೆರಡು ಅಡಿ ಅಗಲಕ್ಕೆ, ಒರಟು ಕಲ್ಲಿನ ಚಪ್ಪಡಿ ಹಾಕಿಸಿ, ನಡುವಣ ನೆಲವನ್ನು ಗರಿಕೆಗೆ ಬಿಟ್ಟೆವು. ಮಳೆಯ ನೀರು ಬೀದಿಗೆ ಓಡದೆ ಅಲ್ಲಿಯೇ ಇಂಗುವುದು. ಬಿಸಿಲಿನಲ್ಲಿ ಸಿಮೆಂಟಿನ ಕಾವು ಗಿಡದ ಬುಡಕ್ಕೆ ಹೊಡೆಯುವುದೂ ತಪ್ಪಿತು. ಒರಟು ಕಲ್ಲನ್ನು ಏಕೆ ಆರಿಸಿದೆವೆಂಬುದನ್ನು ವಿವರಿಸಬೇಕಾಗಿಲ್ಲ. ಮೋಟಾರನ್ನು ಈಗ ಒದ್ದೆ ಬಟ್ಟೆಯಿಂದ ಒರೆಸುವೆವೇ ಹೊರತು ತೊಳೆಯುವುದಿಲ್ಲ.

2024ರ ಜೂನಿನಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದು ನೆಲ ನೆನೆದಮೇಲೆ ಗಿಡ ನೆಟ್ಟೆವು. ಬೆಂಗಳೂರಿನಲ್ಲಿ ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಮಳೆ ಹೆಚ್ಚು; ಜೂನಿನಲ್ಲಿ ನೆಟ್ಟ ಗಿಡವು ಆ ಮಳೆಯನ್ನೆಲ್ಲ ಕುಡಿದು ಬೇರನ್ನು ಆಳಕ್ಕೆ ಇಳಿಸಿಕೊಂಡು ಬೇಸಗೆಗೆ ಸಿದ್ಧವಾಗಿರುವುದು. ಬುಡದ ಸುತ್ತ ಮೂರು ಅಂಗುಲ ತರಗೆಲೆಯ ಹೊದಿಕೆ, ಕಾಂಡಕ್ಕೆ ತಾಗದಂತೆ; ಇದರಿಂದ ಕಳೆ ಹುಟ್ಟುವುದು ಕಡಮೆ, ತೇವ ಆರುವುದು ನಿಧಾನ. ಇಷ್ಟಾದರೂ ಮೊದಲ ವರ್ಷ ‘ಕಡಮೆ ಆರೈಕೆ’ ಎಂಬ ಮಾತನ್ನು ನಂಬಬಾರದು. ಮೊದಲ ಬೇಸಗೆಯಲ್ಲಿ ವಾರಕ್ಕೆ ಎರಡು ಸಲ ಬುಡ ನೆನೆಯುವಂತೆ ನೀರು ಕೊಟ್ಟೆವು. ಅಕ್ಕಿ, ತರಕಾರಿ ತೊಳೆದ ನೀರನ್ನೆಲ್ಲ ಒಂದು ಡ್ರಮ್ಮಿನಲ್ಲಿ ಕೂಡಿಸಿ ಬಳಸಿದುದರಿಂದ ನಲ್ಲಿಯ ನೀರು ಬೇಕಾಗಲಿಲ್ಲ. ದಿನದಿನವೂ ಮೇಲೆಮೇಲೆ ಚಿಮುಕಿಸುವುದಕ್ಕಿಂತ ಎರಡು ಸಲ ಆಳವಾಗಿ ಕೊಡುವುದು ಮೇಲು. ಬೇರು ನೀರನ್ನು ಹುಡುಕಿ ಕೆಳಕ್ಕೆ ಇಳಿಯುವುದು.

ಅಷ್ಟಷ್ಟು ದೂರ ಬಿಟ್ಟು ನೆಟ್ಟುದರಿಂದ ಮೊದಲ ವರ್ಷ ನಮ್ಮ ಅಂಗಳ ಬೋಳುಬೋಳಾಗಿತ್ತು. ಯಜಮಾನರು ನಡುವೆ ಇನ್ನೊಂದು ಸಾಲು ನೆಡೋಣವೆಂದು ಎರಡು ಸಲ ಹೊರಟರು. “ಸೊಸೆಯನ್ನು ಮನೆಗೆ ತಂದ ವರ್ಷವೇ ಮೊಮ್ಮಕ್ಕಳನ್ನು ಎಣಿಸಬಾರದು ಕಣೋ” ಎಂದು ಅತ್ತೆಯವರು ತಡೆದರು. ಒತ್ತೊತ್ತಾಗಿ ನೆಟ್ಟರೆ ಎರಡನೆಯ ವರ್ಷದಿಂದ ಕತ್ತರಿಸುವ ಕೆಲಸ ತಪ್ಪುವುದೇ ಇಲ್ಲವೆಂಬುದು ನಮಗೆ ಈಗ ತಿಳಿದಿದೆ. ಗಿಡಗಳು ಒಂದನ್ನೊಂದು ಮುಟ್ಟಿದುದು ಎರಡನೆಯ ಮಳೆಗಾಲ ಕಳೆದ ಮೇಲೆ.

ಇಷ್ಟನ್ನು ಬರೆದು ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುವುದು. ಅಂಗಳದ ಕೆಲಸ ಕಡಮೆಯಾದುದಕ್ಕೆ ನಾವು ಹಿಗ್ಗುತ್ತಿದ್ದ ದಿನಗಳಲ್ಲಿ, ಸಂಜೆ ಐದಾಯಿತೆಂದರೆ ಅತ್ತೆಯವರು ಜಗಲಿಯಲ್ಲಿ ಕುಳಿತು ಬರಿಯ ಕೈಗಳನ್ನು ನೋಡಿಕೊಳ್ಳುತ್ತಿದ್ದುದನ್ನು ನಾವು ಬಹು ತಡವಾಗಿ ಗಮನಿಸಿದೆವು. ಬೀಳುವ ಭಯವನ್ನು ತಪ್ಪಿಸಿದ್ದೆವು. ಅದರೊಡನೆ ಅವರ ಸಂಜೆಯನ್ನೂ ಕಿತ್ತುಕೊಂಡಿದ್ದೆವು. ಎಂಬತ್ತು ಚೆಂಬು ನೀರು ಅವರಿಗೆ ಹೊರೆಯಾಗಿತ್ತೆಂದು ತಿಳಿದವರು ನಾವೇ ಹೊರತು ಅವರಲ್ಲ.

ಆಮೇಲೆ ಮಾಡಿದುದು ಬಹಳ ಸಣ್ಣ ಕೆಲಸ. ತುಳಸಿಯ ಕಟ್ಟೆಯನ್ನು ಸೊಂಟದೆತ್ತರಕ್ಕೆ ಏರಿಸಿ, ಜಗಲಿಯ ಹತ್ತಿರಕ್ಕೆ ಸರಿಸಿದೆವು. ಉಳಿದಿದ್ದ ಒಂಬತ್ತು ಕುಂಡಗಳಲ್ಲಿ ನಾಲ್ಕನ್ನು, ದುಂಡುಮಲ್ಲಿಗೆಯ ಹೊಸ ಗಿಡ ಒಂದನ್ನು, ಅದೇ ಎತ್ತರದ ಕಲ್ಲುಬೆಂಚಿನ ಮೇಲೆ ಇಟ್ಟೆವು. ಹಿಡಿಕೆ ಬಿಗಿಯಾಗಿ ಸಿಗುವಂತೆ ಪಕ್ಕದಲ್ಲಿ ಕಬ್ಬಿಣದ ಸರಳು ಹಾಕಿಸಿದೆವು. ಗುಲಾಬಿಗೂ ಮಲ್ಲಿಗೆಗೂ ಆರೈಕೆ ಹೆಚ್ಚೆಂಬುದು ನಿಜ. ಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರಬೇಕು, ಗುಲಾಬಿಯ ಹುಳುವನ್ನು ದಿನವೂ ನೋಡಬೇಕು. ಬೇಕೆಂದೇ ಅವನ್ನು ಉಳಿಸಿದೆವು. ಈಗ ಅತ್ತೆಯವರು ಬೆಳಗ್ಗೆ ಒಂದು, ಸಂಜೆ ಆರು ಚೆಂಬು ನೀರು ಹಾಕುವರು. ಚೆಂಬನ್ನು ನಾವು ತುಂಬಿ ಕೈಗೆ ಕೊಡುವೆವು. ಪಾರಿಜಾತದ ಕೆಳಗೆ ರಾತ್ರಿ ಬಿಳಿಯ ಪಂಚೆಯೊಂದನ್ನು ಹಾಸಿ, ಮುಂಜಾನೆ ಹೂವಿನ ಸಮೇತ ಎತ್ತಿ ತಂದು ಅವರ ಮಡಿಲಿಗೆ ಇಡುವೆವು. ಬಗ್ಗದೆಯೇ ಅವರು ಹೂ ಆರಿಸುವರು. ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವು ಅದೊಂದೇ ಎಂದು ಮರಿಮಗಳಿಗೆ ಹೇಳಿಕೊಡುವರು.

ಸೋದರಿಯರು ತಮ್ಮ ಅಂಗಳಕ್ಕೆ ಗಿಡ ಆರಿಸುವಾಗ ಬಿಸಿಲೆಷ್ಟು, ನೀರೆಷ್ಟು, ಮಣ್ಣೆಂಥದು ಎಂದು ನೋಡುವರು, ನೋಡಲೇಬೇಕು. ಅದರ ಜೊತೆಗೆ, ಈ ಕೆಲಸವನ್ನು ಕಡಮೆ ಮಾಡಿದರೆ ಮನೆಯಲ್ಲಿ ಯಾರ ಕೈ ಬರಿದಾಗುವುದೆಂಬುದನ್ನೂ ಒಮ್ಮೆ ನೋಡಿಕೊಂಡರೆ ನಮ್ಮಂತೆ ತಡವಾಗಿ ಪಶ್ಚಾತ್ತಾಪ ಪಡಬೇಕಾಗುವುದಿಲ್ಲ.

ನಂದಿಬಟ್ಟಲಿನ ಕಡ್ಡಿ ನೆಟ್ಟರೆ ಬೇರು ಬಿಡುವುದು. ನಮ್ಮ ಮನೆಗೆ ಬಂದವರಾರೂ ಈಗ ಬರಿಗೈಯಲ್ಲಿ ಹೋಗುವಂತಿಲ್ಲ. ಅರಿಸಿನ ಕುಂಕುಮದ ಜೊತೆಗೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಎರಡು ಕಡ್ಡಿಗಳನ್ನು ಅತ್ತೆಯವರು ಕೈಯಲ್ಲಿಡುವರು. “ನೆರಳಿನಲ್ಲಿ ನೆಡಮ್ಮ. ಚಿಗುರಿತೆಂದು ಆಗಲೇ ಎಳೆದು ನೋಡಬೇಡ. ಅಂಗಳಕ್ಕೆ ಇಳಿಸುವುದು ಜೂನಿನ ಮಳೆ ಬಿದ್ದ ಮೇಲೆ” ಎಂದು ಗೇಟಿನವರೆಗೂ ಕೇಳುವಂತೆ ಕೂಗಿ ಹೇಳುವರು.